ಮೊದಲ ಚೀಲದ ಕೂಗು

ಕೂಗಿದ್ದಂತೂ ನಿಜ. ಮೂರು ದಿನಗಳಿಂದ ಮಾಲತೇಶ ಈ ಒಂದು ಮಾತನ್ನು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ನಾಲಿಗೆಯಿಂದ ತಡವುತ್ತಲೇ ಇದ್ದ. ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನ ಹಿಂದಿನ ನಲ್ಲಿಯ ಕೆಳಗೆ ಕೈಯೊಡ್ಡಿ ನಿಂತರೂ ಅದೇ. ಎಷ್ಟು ಸೋಪು ತಿಕ್ಕಿದರೂ ಬೆರಳ ಸಂದಿಯ ಮೆಣಸಿನಕಾಯಿಯ ಉರಿ ಹೋಗುವುದಿಲ್ಲವೆಂದು ಗೊತ್ತಿದ್ದೂ ತಿಕ್ಕುತ್ತ ನಿಂತಾಗಲೂ ಅದೇ. ಸೋಮವಾರ ಮೂರನೇ ಕೋಣೆಯಲ್ಲಿ, ಒಂದರ ಮೇಲೊಂದು ಪೇರಿಸಿದ ಚೀಲಗಳ ನಿಟ್ಟಿನ ತುದಿಯಿಂದ ಅವನು ಜಾರಿಸಿದ ಮೊದಲ ಚೀಲ ಕೆಳಗೆ ನಿಂತಿದ್ದ ಕರಬಸಪ್ಪನ ಬೆನ್ನಿಗೆ ಬಡಿಯಿತು. ಕರಬಸಪ್ಪ ಮಡಚಿದ ಕೊಡೆಯಂತೆ ಕುಸಿದ. ಬಲಗಾಲು ಮಂಡಿಯ ಕೆಳಗೆ ಎರಡು ಕಡೆ ಮುರಿಯಿತು. ಹೊರಗೆ ಲಾರಿಯ ಹತ್ತಿರವಿದ್ದ ಹಮಾಲರೆಲ್ಲ ಓಡಿ ಬಂದಾಗ, ಅವರು ಕೇಳುವ ಮೊದಲೇ ಮಾಲತೇಶ ಮೇಲಿನಿಂದ ಹೇಳಿಬಿಟ್ಟಿದ್ದ: "ಕೂಗೇನಿ. ನಾ ಕೂಗೇನಿ." ಏನು ಕೂಗಿದೆ ಎಂದು ಯಾರೂ ಕೇಳಲಿಲ್ಲ. ಕೇಳುವಂಥದ್ದೇನಿದೆ? ಮೊದಲ ಚೀಲಕ್ಕೆ ಕೂಗುವುದು ಒಂದೇ ಮಾತು.

ಆ ಮಾತು ‘ಲಾಭ’. ಕಾಳು ಅಳೆಯುವವರು ಒಂದು ಎನ್ನದೆ ಲಾಭ ಎನ್ನುವ ಹಾಗೆ ಇಲ್ಲಿ ಚೀಲ ಇಳಿಸುವಾಗಲೂ ಮೊದಲನೆಯದು ಲಾಭ, ಆಮೇಲೆ ಎರಡು, ಮೂರು. ಆದರೆ ಕೋಣೆಯೊಳಗೆ ಈ ಕೂಗು ಇರುವುದು ಎಣಿಸುವುದಕ್ಕಲ್ಲ, ಬೆನ್ನಿಗಾಗಿ. ಕೆಳಗೆ ನಿಂತವನು ಮೇಲೆ ನೋಡುವಂತಿಲ್ಲ. ನೋಡಿದರೆ ಚೀಲದಿಂದ ಉದುರುವ ಮೆಣಸಿನಕಾಯಿಯ ಧೂಳು ನೇರ ಕಣ್ಣಿಗೆ. ಅವನು ಗೋಡೆಯ ಕಡೆ ಮುಖ ಮಾಡಿ ಬಾಗಿ ನಿಲ್ಲುತ್ತಾನೆ. ಕೂಗು ಕಿವಿಗೆ ಬಿದ್ದ ಕೂಡಲೇ ಉಸಿರು ಹಿಡಿದು, ಎಡಗಾಲು ಮುಂದಿಟ್ಟು, ಬೆನ್ನು ಬಿಗಿ ಮಾಡುತ್ತಾನೆ. ಅದರ ಹಿಂದೆಯೇ ಚೀಲ. ಬಿಗಿ ಮಾಡಿದ ಬೆನ್ನಿಗೆ ಅದು ಹೊರೆ, ಮಾಡದ ಬೆನ್ನಿಗೆ ಏಟು. ಮೂವತ್ತು ವರ್ಷ ಆ ಕೂಗನ್ನು ನಂಬಿ ಬೆನ್ನು ಕೊಟ್ಟವನು ಕರಬಸಪ್ಪ. ಮಾಲತೇಶನಿಗೆ ಕೆಲಸ ಕಲಿಸಿದವನೂ ಅವನೇ. ಮೊದಲ ದಿನ ನಿಟ್ಟು ಹತ್ತಿಸುವಾಗ ಅವನ ಹಿಮ್ಮಡಿಗೆ ಕೈಕೊಟ್ಟು ಮೇಲೆ ತಳ್ಳುತ್ತ, "ಕೆಳಗ ನಿಂತಾಂವ ಕುರುಡ ಅಂತ ತಿಳಕೊಂಡ ಕೂಗಬೇಕು ನೋಡ್ ತಮ್ಮಾ," ಎಂದಿದ್ದ. ಸೋಮವಾರ, ಕೂಗು ಕೇಳಲಿಲ್ಲವೇ ಎಂದು ಹಮಾಲರು ಕರಬಸಪ್ಪನನ್ನೇ ಕೇಳಿದ್ದರು. ಕಾಲು ಬೇರೆ ದಿಕ್ಕಿಗೆ ತಿರುಗಿ ಬಿದ್ದಿದ್ದ ಅವನು ನೋವನ್ನೂ ಮರೆತವನಂತೆ ನಿಟ್ಟಿನ ಮೇಲಿದ್ದ ಮಾಲತೇಶನ ಮುಖವನ್ನೇ ನೋಡಿದ. ಆಮೇಲೆ ಕಣ್ಣು ಮುಚ್ಚಿಕೊಂಡು, ಇಲ್ಲ, ಏನೂ ಕೇಳಲಿಲ್ಲ ಎಂದ.

ಇವತ್ತು ಹತ್ತು ಗಂಟೆಗೆ ಆಫೀಸಿನ ಗುಮಾಸ್ತ ವಿಜಯಮಹಾಂತೇಶ ಕಾಗದ ಸಿದ್ಧ ಮಾಡಿಟ್ಟಿದ್ದ. ಹಮಾಲರ ಮುಕಾದಮ ರುದ್ರಮುನಿ ಅದನ್ನು ಎಲ್ಲರ ಮುಂದೆ ಓದಿಸಿದ. ಮಾಲತೇಶನು ಪದ್ಧತಿಯಂತೆ ಕೂಗಿದ್ದಾಗ್ಯೂ ಕರಬಸಪ್ಪನಿಗೆ ಕಿವಿ ಮಂದವಾಗಿದ್ದ ಕಾರಣ ಈ ಅವಘಡ ಸಂಭವಿಸಿರುತ್ತದೆ ಎಂದಿತ್ತು ಅದರಲ್ಲಿ. ‘ಪದ್ಧತಿಯಂತೆ’ ಎಂಬಲ್ಲಿಗೆ ಬಂದಾಗ ಮಾಲತೇಶನ ತಲೆಯೊಳಗೆ ಕೋಣೆಯ ತಂಪು ಯಂತ್ರ ಗುಂಯ್ಯೆಂದು ಶುರುವಾಯಿತು. ಮುಂದಿನ ಮಾತುಗಳು ತುಟಿಯಲ್ಲಾಡುವುದಷ್ಟೇ ಆಗಿ ಕಂಡವು. ರುದ್ರಮುನಿ ಕೆಟ್ಟವನಲ್ಲ. ಕರಬಸಪ್ಪನ ತೋಳಿನ ಹಿತ್ತಾಳೆಯ ಹಮಾಲಿ ಪರವಾನಗಿ ಬಿಲ್ಲೆಯನ್ನು ವಾಪಸು ಪಡೆಯಬೇಕಾಗುತ್ತದೆ ಎನ್ನುವಾಗ ಅವನ ದನಿ ಕೆಳಗಿಳಿದಿತ್ತು. ಕಾಲು ಕೂಡಿದರೂ ಕಿವಿಯಿಲ್ಲದವನನ್ನು ನಿಟ್ಟಿನ ಕೆಳಗೆ ನಿಲ್ಲಿಸಲಾಗದು, ಇನ್ನೊಮ್ಮೆ ಹೀಗಾದರೆ ಹೆಣ ಹೊರಬೇಕಾದೀತು ಎಂದ. ಹಾವೇರಿಯ ಆಸ್ಪತ್ರೆಯಲ್ಲಿ ಇವತ್ತೇ ಕಿವಿ ಪರೀಕ್ಷೆ ಇದೆ, ಚೀಟಿ ತರಬೇಕು, ಕಾಗದಕ್ಕೆ ಕರಬಸಪ್ಪನ ಹೆಬ್ಬೆಟ್ಟನ್ನೂ ತರಬೇಕು. ಯಾರು ಹೋಗುತ್ತೀರಿ ಎಂದಾಗ ಎಲ್ಲರ ಕಣ್ಣೂ ಮಾಲತೇಶನತ್ತ ತಿರುಗಿದವು, ತಾವೇ ಎತ್ತಿ ಆಡಿಸಿದ ಮಗನನ್ನು ನೋಡುವ ಹಾಗೆ ಪ್ರೀತಿಯಿಂದಲೇ. ಮೊದಲು ಅವನದೇ ಸಹಿ ಬೇಕಾಗಿತ್ತು. ವಿಜಯಮಹಾಂತೇಶ ಪೆನ್ನು ಮುಂದೆ ಮಾಡಿ, "ಸಹಿ ಬರ್ತೈತೆಲ್ಲೋ? ಇಲ್ಲಾ ಅದನ್ನೂ ಆ ನಿನ್ನ ಪಾದ್ರಿ ಭಾಷಾದಾಗ ಮಾಡ್ತಿಯೋ?" ಎಂದ. ಯಾರೋ ಕಿಸಕ್ಕೆಂದರು. ಮಾಲತೇಶ ಸಹಿ ಮಾಡಿದ. ಆ ನಗು ಮುಗಿಯಲಿ ಎಂದೇ ಮಾಡಿದ. ಅವನ ಬದುಕಿನಲ್ಲಿ ಬಹಳಷ್ಟು ಕೆಲಸ ಹೀಗೆ ಯಾರದೋ ನಗು ಮುಗಿಯಲಿ ಎಂದು ಮಾಡಿದ್ದೇ.

ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟದ್ದೂ ಹಾಗೇ. ಅವ್ವ ಮಂಗಳವ್ವ ದಿನವಿಡೀ ಮೆಣಸಿನಕಾಯಿಯ ತೊಟ್ಟು ಮುರಿಯುವವಳು. ಅವಳ ಸೀರೆಯ ಜೊತೆ ಒಂದೇ ಬಕೆಟ್ಟಿನಲ್ಲಿ ನೆನೆದ ಅವನ ಶಾಲೆಯ ಅಂಗಿ ಎಷ್ಟು ಒಗೆದರೂ ಘಾಟು. ಮುಂದೆ ಕೂತವರು ಸೀನುತ್ತಿದ್ದರು, ಮೊದಮೊದಲು ನಿಜವಾಗಿ, ಆಮೇಲೆ ಆಟಕ್ಕೆ. ಮಾಸ್ತರರು ಸಿಟ್ಟಾಗಲಿಲ್ಲ; ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಬಾಗಿಲ ಹೊರಗೆ ಕೂತು ಕೇಳಿಸಿಕೋ, ಪಾಠ ಅಲ್ಲಿಗೂ ಬರುತ್ತದೆ ಎಂದು ಸಮಾಧಾನದಿಂದ ಹೇಳಿದರು. ಹೊಸ್ತಿಲಾಚೆ ಕೂತು ಅವನು ಇಂಗ್ಲಿಷಿನ ಕ್ರಿಯಾಪದಗಳನ್ನು ಕೇಳಿಸಿಕೊಂಡ, ಎಂಟು ದಿನ. ಒಂಬತ್ತನೆಯ ದಿನ ಎದ್ದು ನೇರ ಮಾರುಕಟ್ಟೆಗೆ ನಡೆದ. ಆಮೇಲೆ ಓದಿದವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಅವರ ಅಂಗಿಯ ಜೇಬಿನ ಪೆನ್ನು, ಅವರು ‘ಆಕ್ಚುಲಿ’ ಎನ್ನುವಾಗ ಮೂಗಿನ ಹೊಳ್ಳೆ ಅರಳುವುದು, ಎಲ್ಲ. ಅದಕ್ಕೇ, ಗೇಟಿನ ಪಕ್ಕ ಚಹಾ ಕಾಯಿಸುವ ಇಸಾಕಸಾಬ ಒಂದು ದಿನ, ಈ ಬಿ.ಕಾಂ. ಮಾಡಿದವರಿಗೂ ಬಾರದ ಒಂದು ಭಾಷೆಯ ಆರು ಮಾತು ನನಗೆ ಬರುತ್ತವೆ ಎಂದಾಗ, ಮಾಲತೇಶ ಕಪ್ಪು ಕೆಳಗಿಟ್ಟು ಅವನ ಕಾಲ ಬಳಿ ಕೂತುಬಿಟ್ಟ.

ಇಸಾಕಸಾಬ ಹರೆಯದಲ್ಲಿ ರಾಣೇಬೆನ್ನೂರಿನ ಪಾದ್ರಿಗಳ ಮನೆಯೊಂದರಲ್ಲಿ ಅಡುಗೆಗಿದ್ದ. ಪಾದ್ರಿಗಳಾಗಲು ಬಂದ ಹುಡುಗರಿಗೆ ಬೆಳಿಗ್ಗೆ ಲ್ಯಾಟಿನ್ ಪಾಠ, ಅಡುಗೆಮನೆಯ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ. ರೊಟ್ಟಿ ಬಡಿಯುವ ಸಪ್ಪಳಕ್ಕೆ ಸರಿಯಾಗಿ ಅವರು ಕೂಗುತ್ತಿದ್ದರು: ಪೋರ್ತೋ, ಪೋರ್ತಾಸ್, ಪೋರ್ತಾತ್, ಪೋರ್ತಾಮುಸ್, ಪೋರ್ತಾತಿಸ್, ಪೋರ್ತಾಂತ್. ಹಿಂದೆಯೇ ಕನ್ನಡದಲ್ಲಿ ಅರ್ಥ: ಹೊರುತ್ತೇನೆ, ಹೊರುತ್ತೀ, ಹೊರುತ್ತಾನೆ, ಹೊರುತ್ತೇವೆ, ಹೊರುತ್ತೀರಿ, ಹೊರುತ್ತಾರೆ. ವರ್ಷ ವರ್ಷ ಹೊಸ ಹುಡುಗರು, ವರ್ಷ ವರ್ಷ ಅದೇ ಮೊದಲ ಪಾಠ. ಎರಡನೆಯ ಪಾಠದ ಹೊತ್ತಿಗೆ ಮಳೆಗಾಲ ಬಂದು ಅವರೆಲ್ಲ ಒಳಕೋಣೆಗೆ ಹೋಗುತ್ತಿದ್ದರು, ಹಾಗಾಗಿ ಇಸಾಕಸಾಬನ ಲ್ಯಾಟಿನ್ನಿನಲ್ಲಿ ನಿನ್ನೆ ಎಂಬುದೇ ಇರಲಿಲ್ಲ. ಯಾವಾಗಲೂ ಹೊರುತ್ತಲೇ ಇರುವುದು. ಮೂರನೆಯ ಮಾತಿಗೆ ಗಂಡಸು ಹೊತ್ತರೂ ಪೋರ್ತಾತ್, ಹೆಂಗಸು ಹೊತ್ತರೂ ಪೋರ್ತಾತ್, ಎತ್ತು ಹೊತ್ತರೂ ಪೋರ್ತಾತ್ ಎಂದು ಕೇಳಿ ಮಾಲತೇಶ ನಕ್ಕಿದ್ದ. ನಗದೆ ಬೆಚ್ಚಿದ್ದು ಎರಡನೆಯದಕ್ಕೆ. ವಿಜಯಮಹಾಂತೇಶನಂಥವರಿಗೆ ಹೇಳಬೇಕಾದರೆ ಏನು, ‘ರೀ’ ಎಲ್ಲಿ ಹಚ್ಚಬೇಕು ಎಂದು ಕೇಳಿದ. ಇಸಾಕಸಾಬ ಚಹಾ ಸೋಸುತ್ತಿದ್ದವನು ನಿಲ್ಲಿಸಿ, "ಅವ್ರಲ್ಲಿ ರೀ ಇಲ್ಲಲೇ ಬೇಟಾ. ಒಬ್ಬಾಂವ ಅಂದ್ರ ಪೋರ್ತಾಸ್, ಮುಗೀತು. ದೊಡ್ಡ ಫಾದರಿಗೂ ಅದ, ಭಾಂಡಿ ತಿಕ್ಕಾಂವಗೂ ಅದ," ಎಂದ. ಅಂದು ಮಾಲತೇಶ ನಿಟ್ಟಿನ ಮೇಲೆ ನಿಂತು ಕೆಳಗೆ ಓಡಾಡುವ ಸಾಹುಕಾರರು, ಗುಮಾಸ್ತರು, ಡ್ರೈವರರು ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡಿ ಮನಸ್ಸಿನೊಳಗೇ ಪೋರ್ತಾಸ್, ಪೋರ್ತಾಸ್ ಎಂದ. ಎಂದೂ ಇಲ್ಲದ ಒಂದು ಸುಖ ಬೆನ್ನುಮೂಳೆಯಲ್ಲಿ ಹರಿಯಿತು.

ಈಗ ಗೇಟು ದಾಟುವಾಗ ಇಸಾಕಸಾಬ ಕೆಟ್ಲಿಯ ಆವಿಯಾಚೆಯಿಂದ, ಪಾಠ ಒಪ್ಪಿಸದೆ ಮೂರು ದಿನವಾಯಿತಲ್ಲ, ಮರೆತೆಯೇನು ಎಂದು ಕೂಗಿ ಕೇಳಿದ. ಮಾಲತೇಶ ನಿಲ್ಲಲಿಲ್ಲ. ಕಾಗದ ಅಂಗಿಯ ಜೇಬಿನಲ್ಲಿತ್ತು, ನಾಲ್ಕು ಮಡಿಕೆಯಾಗಿ. ಹಾವೇರಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಪಕ್ಕದ ಹೆಂಗಸು ಎರಡು ಸಲ ಸೀನಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು, ಅವನು ಅಭ್ಯಾಸದಂತೆ ಮೈಯನ್ನು ಕಿಟಕಿಗೆ ಒತ್ತಿ ಚಿಕ್ಕದಾದ. ಸೋಮವಾರ ನಾಲಿಗೆ ಜಾರಿತು ಎಂದು ಹೇಳಬಹುದು. ತಲೆತುಂಬ ಅದೇ ಇತ್ತು, ಬಾಯಿಗೆ ಬಂತು, ಅಷ್ಟೇ ಎನ್ನಬಹುದು. ಮೋಟೆಬೆನ್ನೂರು ಬರುವವರೆಗೆ ಅವನು ಆ ನೆಪವನ್ನು ಆ ಕಡೆಯಿಂದ ಈ ಕಡೆಯಿಂದ ತಿರುಗಿಸಿ ನೋಡಿದ. ಬಸ್ಸು ಹೆದ್ದಾರಿಗೆ ಬಿದ್ದು ವೇಗ ಹಿಡಿದಾಗ ಅದು ಕೈಯಿಂದ ಜಾರಿ ಹೋಯಿತು. ನಾಲಿಗೆ ಜಾರಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ತೂಕದ ಚೀಟಿ ಒಯ್ಯಲು ಆಫೀಸಿನ ಕಟ್ಟೆಗೆ ಹೋಗಿದ್ದ. ಲಾರಿಯವರು, ಇನ್ನಿಬ್ಬರು ಹಮಾಲರು ಇದ್ದರು. ಕರಬಸಪ್ಪ ಆಗಲೇ ಕೋಣೆಯೊಳಗಿದ್ದ. ವಿಜಯಮಹಾಂತೇಶ ಚೀಟಿಯಲ್ಲಿನ ಇಂಗ್ಲಿಷ್ ಓದಿಸಿದ, ಮಾಲತೇಶ ತಪ್ಪಿದ, ಅವನು ತಿದ್ದಿದ. ಅದು ದಿನಾ ನಡೆಯುವುದೇ. ಆ ದಿನ ಮಾತ್ರ ಮಾಲತೇಶ ಚೀಟಿಯನ್ನು ಕಟ್ಟೆಯ ಮೇಲಿಟ್ಟು ಎದೆ ಸೆಟೆಸಿ ಆರೂ ಮಾತನ್ನು ಒಂದೇ ಉಸಿರಿಗೆ ಹೇಳಿದ, ನಿಮಗೆ ಬರುತ್ತದೆಯೇ ಎಂದು ಕೇಳಿದ. ವಿಜಯಮಹಾಂತೇಶ ಬೆಪ್ಪಾದ. ಆ ಬೆಪ್ಪನ್ನು ಮಾಲತೇಶ ಕಣ್ಣಾರೆ ಕಂಡ, ಅದು ಎರಡು ಸೆಕೆಂಡು ಇತ್ತು. ಆಮೇಲೆ ಅವನು ಮೊಬೈಲು ತೆಗೆದು, ಇನ್ನೊಮ್ಮೆ ಹೇಳಿಸಿ, ಬೆರಳಾಡಿಸಿ, ಓದಿ, ಕುರ್ಚಿಯಲ್ಲಿ ಹಿಂದಕ್ಕೊರಗಿ ನಕ್ಕ. "ಹೊರೂದಂತಲೋ ಇದು. ಲೇ ಹುಚ್ಚಪ್ಯಾಲಿ, ಏಳು ಸಮುದ್ರದ ಆಚೆ ಭಾಷಾ ಕಲ್ತೀ, ಅಲ್ಲಿನೂ ಹೋಗಿ ಹಮಾಲಿನ ಮಾಡಿದೆಲ್ಲೋ." ಲಾರಿಯವರು ನಕ್ಕರು. ಹಮಾಲರೂ ನಕ್ಕರು, ಅವರ ನಗುವೇ ಹೆಚ್ಚು ಚುಚ್ಚಿತು. ಅರ್ಥ ಅವನಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಅದನ್ನು ಪ್ರೀತಿಸಿದ್ದ. ತಾನು ಹೊರುವುದಕ್ಕೆ ಎಲ್ಲಿಯೋ ದೊಡ್ಡ ದೊಡ್ಡ ಪಾದ್ರಿಗಳು ಕಟ್ಟೆಯ ಮೇಲೆ ಕೂತು ಕಲಿಯುವಂಥ ಮಾತಿದೆ ಎಂದು. ಆ ಮಾತೀಗ ಕಟ್ಟೆಯ ಮೇಲೆ ಅಂಗಿ ಕಳಚಿದಂತೆ ಬಿದ್ದಿತ್ತು. ಅವನು ಓಡಿದಂತೆ ಕೋಣೆಗೆ ಬಂದ, ಏಣಿ ಹತ್ತಿದ, ನಿಟ್ಟಿನ ತುದಿಯಲ್ಲಿ ನಿಂತ. ಕೆಳಗೆ ಕರಬಸಪ್ಪ ಗೋಡೆಗೆ ಮುಖ ಮಾಡಿ ಬಾಗಿ ನಿಂತಿದ್ದ, ಅವನ ಬೆನ್ನ ಮೇಲಿನ ಗೋಣಿತಟ್ಟು ಕಾಣುತ್ತಿತ್ತು. ಚೀಲದ ಕಿವಿ ಹಿಡಿದು ಎಳೆದಾಗ ‘ಲಾಭ’ ನಾಲಿಗೆಯ ತುದಿಗೆ ಬಂದಿತ್ತು. ಬಂದಿತ್ತು, ಅದನ್ನು ಅವನು ನುಂಗಿದ. ಈ ಒಂದು ಸಲ, ಈ ಕೋಣೆಯಲ್ಲಾದರೂ, ನನ್ನ ಮಾತೇ ಕೂಗಾಗಲಿ ಎಂದುಕೊಂಡ. ಎದೆ ತುಂಬ ಉಸಿರು ತೆಗೆದುಕೊಂಡು ಪೋರ್ತೋ ಎಂದು ಕೂಗಿದ. ಕೈ ಬಿಟ್ಟ. ಕೆಳಗಿನ ಎಡಗಾಲು ಅಲುಗಲಿಲ್ಲ. ಅಲುಗಲಿಲ್ಲವೆಂದು ಕಣ್ಣಿಗೆ ಕಂಡದ್ದಕ್ಕೂ ಚೀಲ ಬಡಿದದ್ದಕ್ಕೂ ನಡುವೆ ಇಷ್ಟೇ ಇಷ್ಟು ಜಾಗವಿತ್ತು, ಇಡೀ ಮೂರು ದಿನ ಅವನು ಆ ಜಾಗದಲ್ಲೇ ನಿಂತಿದ್ದಾನೆ.

ಹೇಳಿದರೆ ಏನಾಗುತ್ತದೆಂದು ಅವನಿಗೆ ಗೊತ್ತು. ಕೂಗು ತಪ್ಪಿಸಿದವನನ್ನು ಯಾರೂ ಮತ್ತೆ ನಿಟ್ಟು ಹತ್ತಿಸುವುದಿಲ್ಲ. ಬ್ಯಾಡಗಿಯಲ್ಲಿ ಯಾವ ಗುಂಪಿನವರೂ ಅವನಿಗೆ ಬೆನ್ನು ಕೊಡುವುದಿಲ್ಲ. ಹಾಗಾದ ಒಬ್ಬನನ್ನು ಅವನು ನೋಡಿದ್ದಾನೆ, ಬಸ್‌ಸ್ಟ್ಯಾಂಡಿನಲ್ಲಿ ಅವನ ಪಕ್ಕ ಚಹಾಕ್ಕೂ ಯಾರೂ ನಿಲ್ಲುತ್ತಿರಲಿಲ್ಲ. ಹಾವೇರಿಯಲ್ಲಿ ಬಸ್ಸಿಳಿದು ಹೋದಾಗ ಆಸ್ಪತ್ರೆಯ ಮೆಟ್ಟಿಲಲ್ಲಿ ಕರಬಸಪ್ಪನ ಹೆಂಡತಿ ಫಕ್ಕೀರವ್ವ ಸಿಕ್ಕಳು. ಅವನನ್ನು ಕಂಡು ಅವಳಿಗೆ ಜೀವ ಬಂದಂತಾಯಿತು. ಮೂರು ದಿನದಿಂದ ಕಿವಿಯ ಹತ್ತಿರ ಬಾಯಿಟ್ಟು ಒದರಿ ಒದರಿ ತನ್ನ ಗಂಟಲು ಹೋಯಿತು, ಗಂಜಿ ಬೇಕೋ ನೀರು ಬೇಕೋ ಎಂದು ಕೈಸನ್ನೆಯಲ್ಲಿ ಕೇಳುವ ಹೊತ್ತು ಬಂತು ಎಂದು ಬಿದ್ದ ದನಿಯಲ್ಲೇ ಹೇಳಿಕೊಂಡಳು. ನೀನಂತೂ ಕೂಗಿದೆಯಲ್ಲ ತಮ್ಮಾ, ನಿನ್ನ ತಪ್ಪೇನಿದೆ ಎಂದು ಅವನ ತೋಳು ಹಿಡಿದಳು. ಆ ಹಿಡಿತದಿಂದ ತೋಳು ಬಿಡಿಸಿಕೊಳ್ಳಲೂ ಆಗದೆ, ಇಟ್ಟುಕೊಳ್ಳಲೂ ಆಗದೆ ಅವನು ಅವಳ ಜೊತೆ ಕಿವಿ ಪರೀಕ್ಷೆಯ ಕೋಣೆಯವರೆಗೆ ನಡೆದ.

ಕರಬಸಪ್ಪನನ್ನು ಗಾಲಿಕುರ್ಚಿಯಲ್ಲಿ ಕೂರಿಸಿದ್ದರು, ಪ್ಲಾಸ್ಟರು ಹಾಕಿದ ಕಾಲು ಮುಂದಕ್ಕೆ ಚಾಚಿತ್ತು. ಮೂರೇ ದಿನದಲ್ಲಿ ಮುಖ ಸಣ್ಣದಾಗಿತ್ತು. ಅವನು ಮಾಲತೇಶನನ್ನು ನೋಡಿ ಕೂಡಲೇ ಕಣ್ಣು ತೆಗೆದ. ಪರೀಕ್ಷೆ ಮಾಡುವ ಹುಡುಗಿ ಐಶ್ವರ್ಯ ಅವನ ಕಿವಿಗಳಿಗೆ ಹೆಡ್‌ಫೋನಿನ ಎರಡು ಬಟ್ಟಲು ಹಾಕಿ, ದನಿ ಕೇಳಿದಾಗಲೆಲ್ಲ ಬೆರಳು ಎತ್ತಬೇಕು ಎಂದು ತನ್ನ ತೋರುಬೆರಳನ್ನು ಎತ್ತಿ ತೋರಿಸಿದಳು. ಯಂತ್ರದ ಗುಂಡಿ ಒತ್ತಿದಳು. ಬೆರಳು ಏಳಲಿಲ್ಲ. ಇನ್ನೂ ಜೋರಾಗಿ ಒತ್ತಿದಳು, ಆಗಲೂ ಇಲ್ಲ. ಅಷ್ಟು ಜೋರಿಗೆ ಕಲ್ಲಾದರೂ ಬೆರಳೆತ್ತಬೇಕು ಎನ್ನುವಂತೆ ಅವಳು ಹುಬ್ಬು ಗಂಟು ಹಾಕಿ ಯಂತ್ರವನ್ನು ನೋಡಿದಳು, ಕರಬಸಪ್ಪನ ಕಣ್ಣರೆಪ್ಪೆ ಪ್ರತಿ ಸಲ ಮಿಡುಕುವುದನ್ನೂ ನೋಡಿದಳು. ಬಟ್ಟಲು ತೆಗೆದು, ಕುರ್ಚಿಯ ಹಿಂದೆ ಹೋಗಿ, ಚೀಟಿ ಬರೆಯುತ್ತಿರುವವಳಂತೆ ಮೆಲ್ಲಗೆ, "ಅಜ್ಜಾರ, ನಿಮ್ಮ ಅಂಗಿ ಗುಂಡಿ ಬಿಚ್ಚೈತಿ ನೋಡ್ರಿ," ಎಂದಳು. ಕರಬಸಪ್ಪನ ಕೈ ಎದೆಯ ಗುಂಡಿಗೆ ಹೋಯಿತು.

ಅಲ್ಲಿಯೇ ನಿಂತಿತು. ಐಶ್ವರ್ಯ ನಗಲು ಹೋದವಳು ಫಕ್ಕೀರವ್ವನ ಮುಖ ನೋಡಿ ನುಂಗಿಕೊಂಡು, ಕಿವಿ ಎರಡೂ ಚೆನ್ನಾಗಿವೆ ಎಂದು ಗೋಡೆಗೆ ಹೇಳಿದಳು. ಫಕ್ಕೀರವ್ವ ಬಾಯಿ ತೆರೆದಳು, ಒದರಿ ಒದರಿ ಹೋದ ಗಂಟಲಿನಿಂದ ಗಾಳಿಯಷ್ಟೇ ಬಂತು. ಯಾಕೆ ಹೀಗೆ ಮಾಡಿದೆ, ನನ್ನ ಕೈಲಿ ಸನ್ನೆ ಮಾಡಿಸಿಕೊಂಡೆಯಲ್ಲ, ಬಿಲ್ಲೆ ಹೋಗುತ್ತದೆಂದು ಗೊತ್ತಿದ್ದೂ ಕಿವುಡನಾಗಿ ಕೂತೆಯಲ್ಲ ಎಂದು ಅವಳು ಪಿಸುದನಿಯಲ್ಲೇ ಗಂಡನನ್ನು ಬೈದಳು. ಕೂಗಿ ಬೈದಿದ್ದರೆ ಮಾಲತೇಶ ತಡೆದುಕೊಳ್ಳುತ್ತಿದ್ದ. ಕಿವಿ ಚೆನ್ನಾಗಿದೆ. ಹಾಗಾದರೆ ಇವನು ಕೇಳಿಸಿಕೊಂಡಿದ್ದಾನೆ. ಕೇಳಿಸಿಕೊಂಡೂ ನನ್ನನ್ನು ಉಳಿಸಲು ಸುಮ್ಮನಿದ್ದಾನೆ ಎಂದು ಒಂದು ಕ್ಷಣ ಅವನಿಗೆ ಕೃತಜ್ಞತೆಯಂಥದ್ದು ಉಕ್ಕಿತು, ಅದು ಉಕ್ಕಿದ್ದಕ್ಕೇ ಹೇಸಿಗೆಯಾಯಿತು. ಆದರೆ ಕರಬಸಪ್ಪನ ಮುಖದಲ್ಲಿ ಉಳಿಸಿದವನ ಗತ್ತಿರಲಿಲ್ಲ. ಸಿಕ್ಕಿಬಿದ್ದ ಕಳ್ಳನ ಹೆದರಿಕೆಯಿತ್ತು.

"ನಮ್ಮಪ್ಪಗ ಕಡೀಕ ಹಿಂಗ ಆಗಿತ್ತು," ಎಂದ ಕರಬಸಪ್ಪ, ಹೆಂಡತಿಗಲ್ಲ, ತನ್ನ ಪ್ಲಾಸ್ಟರಿಗೆ. ಕುಪ್ಪೇಲೂರಿನಲ್ಲಿ ಅವನಪ್ಪ, ಎಂದೋ ಮಾರಿದ ಎತ್ತುಗಳು ತನ್ನನ್ನು ಕರೆಯುತ್ತಿವೆ ಎಂದು ಹೊಲದ ಕಡೆ ಓಡುತ್ತಿದ್ದ, ಯಾರಿಗೂ ತಿಳಿಯದ ಮಾತು ಕೇಳಿಸುತ್ತಿದೆ ಎನ್ನುತ್ತಿದ್ದ. ಅವನನ್ನು ಮೂರು ವರ್ಷ ಪಡಸಾಲೆಯ ಕಂಬಕ್ಕೆ ಕಟ್ಟಿ ಹಾಕಿದ್ದರು. ಹಗ್ಗ ಬಿಗಿದವನು ಕರಬಸಪ್ಪನೇ. ಇಷ್ಟನ್ನು ಹೇಳಿ ಅವನು ಮೊದಲ ಬಾರಿಗೆ ಮಾಲತೇಶನನ್ನು ನೇರ ನೋಡಿದ. "ಸೋಮವಾರ ನೀ ಲಾಭ ಅಂದಿರ್ತಿ. ನನಗ ಬ್ಯಾರೇ ಏನೋ ಕೇಳಿಸ್ತು ತಮ್ಮಾ. ಮನಷಾರ ಮಾತ ಅಲ್ಲ ಅದು. ಕಿವಿ ಹೋಗೇತಿ ಅಂದ್ರ ಬಿಲ್ಲಿ ಅಷ್ಟ ಹೊಕ್ಕೈತಿ. ತಲಿ ಹೋಗೇತಿ ಅಂದ್ರ…" ಅವನ ಎರಡೂ ಕೈಗಳು ಕುರ್ಚಿಯ ತೋಳನ್ನು ಹಿಡಿದಿದ್ದವು, ಹಗ್ಗ ಈಗಲೇ ಬಿಗಿದ ಹಾಗೆ. "ಖರೇ ಹೇಳು. ಏನಂದಿದ್ದಿ?"

ಜೇಬಿನ ಕಾಗದ ಎದೆಗೆ ಒತ್ತುತ್ತಿತ್ತು. ಲಾಭ ಎಂದಿದ್ದೆ ಎನ್ನಬಹುದು. ಎರಡೇ ಅಕ್ಷರ. ಹಾಗಂದರೆ ನಿಟ್ಟಿನ ಕೆಲಸ ಉಳಿಯುತ್ತದೆ, ಹೆಬ್ಬೆಟ್ಟೂ ಸಿಗುತ್ತದೆ, ಈ ಮುದುಕ ಕುಪ್ಪೇಲೂರಿನ ಕಂಬಕ್ಕೆ ತಾನೇ ಹೋಗಿ ಬೆನ್ನು ಹಚ್ಚಿ ನಿಲ್ಲುತ್ತಾನೆ. ಓದಿದವರ ಮುಂದೆ ಎದೆ ಸೆಟೆಸಿ ಹೇಳಬೇಕೆಂದು ಕಲಿತಿದ್ದ ಮಾತನ್ನು ಮಾಲತೇಶ ತಲೆ ತಗ್ಗಿಸಿ, ಪ್ಲಾಸ್ಟರಿನ ಮೇಲೆ ಯಾರೋ ನೀಲಿ ಶಾಯಿಯಲ್ಲಿ ಬರೆದಿದ್ದ ತಾರೀಖನ್ನು ನೋಡುತ್ತ ಹೇಳಿದ.

"ಪೋರ್ತೋ."

ಕರಬಸಪ್ಪನ ತೋರುಬೆರಳು ಕುರ್ಚಿಯ ತೋಳಿನಿಂದ ಎದ್ದಿತು. ಅದು ಎದ್ದದ್ದು ಅವನಿಗೇ ತಿಳಿದಂತಿರಲಿಲ್ಲ. ಇನ್ನೊಮ್ಮೆ ಅನ್ನು ಎಂದ. ಮಾಲತೇಶ ಅಂದ, ಬೆರಳು ಎದ್ದಿತು. ಇನ್ನೊಮ್ಮೆ. ಐಶ್ವರ್ಯ ಏನೂ ತಿಳಿಯದೆ ಯಂತ್ರದ ಪಕ್ಕ ನಿಂತೇ ಇದ್ದಳು. ಎಷ್ಟು ಸಲವಾಯಿತೋ, ಮಾತು ಸವೆದು ಅರ್ಥವೆಲ್ಲ ಉದುರಿ, ಮೇಲಿನಿಂದ ಏನೋ ಬೀಳುವ ಸಪ್ಪಳವಾಗಿ ಉಳಿಯಿತು, ಪ್ರತಿ ಸಪ್ಪಳಕ್ಕೂ ಆ ಗಂಟುಗಂಟಾದ ಬೆರಳು ಏಳುತ್ತಿತ್ತು. ಕರಬಸಪ್ಪನ ಮುಖದ ಮೇಲೆ ಬೆಳಕಿನಂಥದ್ದು ಹರಡಿತು, ನನ್ನ ತಲೆ ಕೆಟ್ಟಿಲ್ಲ ಎಂದು ಫಕ್ಕೀರವ್ವನ ಕಡೆ ತಿರುಗಿ ನಕ್ಕ. ನಗು ಅರ್ಧಕ್ಕೆ ನಿಂತಿತು. ಉಳಿದರ್ಧದಲ್ಲಿ, ತನ್ನ ಕಾಲು ಮುರಿದದ್ದು ಆ ಮಾತೇ ಎಂದು ಅವನಿಗೆ ತಿಳಿಯಿತು.

"ಬಾಯಿ ತಪ್ಪಿ ಅಂದಿಯೇನು?"

ಇಲ್ಲ ಎಂದು ಮಾಲತೇಶ ತಲೆಯಲ್ಲಾಡಿಸಿದ. ಯಾಕೆ ಎಂದು ಕರಬಸಪ್ಪ ಕೇಳಲಿಲ್ಲ, ಅದರ ಅರ್ಥವೇನೆಂದೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ಮಾಲತೇಶನ ಹತ್ತಿರ ಕಟ್ಟೆ, ಗುಮಾಸ್ತ, ಹೊಸ್ತಿಲು, ಅಂಗಿಯ ಘಾಟು ಎಲ್ಲವೂ ಸಾಲಾಗಿ ಸಿದ್ಧವಿದ್ದವು. ಕರಬಸಪ್ಪ, "ರುದ್ರಮುನಿಗೆ ಫೋನ್ ಹಚ್ಚು," ಎಂದ.

ಮಾಲತೇಶ ಹಚ್ಚಿದ, ಎಲ್ಲರಿಗೂ ಕೇಳುವಂತೆ ಮೊಬೈಲನ್ನು ಅಂಗೈಯಲ್ಲಿ ಮಲಗಿಸಿದ. ರುದ್ರಮುನಿ ಕೋಣೆಯೊಳಗೆ ಇದ್ದನೆಂದು ಕಾಣುತ್ತದೆ, ತಂಪು ಯಂತ್ರದ ಗುಂಯ್ ಮೊದಲು ಬಂತು. ಹೆಬ್ಬೆಟ್ಟು ಆಯಿತೇ ಎಂದು ಅವನು ಕೇಳುತ್ತಿದ್ದ. ಅವನ ದನಿಯ ಹಿಂದೆ, ಎತ್ತರದಿಂದ, ಯಾರೋ ಮಧ್ಯಾಹ್ನದ ನಿಟ್ಟು ಶುರು ಮಾಡಿದರು. "ಲಾಭ…" ಎಂದು ಉದ್ದಕ್ಕೆ ಎಳೆದ ಕೂಗು, ಪುಟ್ಟ ಪೆಟ್ಟಿಗೆಯಿಂದ ಬಂದರೂ ತೊಳೆದಷ್ಟು ಸ್ಪಷ್ಟ. ಗಾಲಿಕುರ್ಚಿಯಲ್ಲಿ ಕರಬಸಪ್ಪನ ಬೆನ್ನು ತಾನಾಗಿ ಬಾಗಿತು. ಉಸಿರು ನಿಂತಿತು. ಪ್ಲಾಸ್ಟರಿಲ್ಲದ ಎಡಗಾಲು ಅರ್ಧ ಮೊಳ ಮುಂದಕ್ಕೆ ಸರಿದು ನೆಲವನ್ನು ಬಿಗಿಯಾಗಿ ಒತ್ತಿ, ಬಾರದ ಚೀಲಕ್ಕಾಗಿ ಕಾಯಿತು. ಕಣ್ಣು ಮುಚ್ಚಿದ್ದವು.

"ಹೇಳಲೇ, ಏನಾತು," ಎಂದ ರುದ್ರಮುನಿ.

ಮಾಲತೇಶ ಆ ಕಾಲನ್ನೇ ನೋಡುತ್ತಿದ್ದ. "ಅಣ್ಣಾ," ಎಂದ, "ಸೋಮವಾರ ನಾ ಲಾಭ ಅನ್ನಲಿಲ್ಲ." ಅತ್ತ ಎರಡನೆಯ ಚೀಲದ ಕೂಗು ಶುರುವಾಗಿ, ರುದ್ರಮುನಿ ಕೈಯೆತ್ತಿ ತಡೆದನೋ ಏನೋ, ನಡುವೆಯೇ ನಿಂತುಹೋಯಿತು.